‘ಅಪರೂಪದ ತಾಯಿಬಳ್ಳಿ’ ಅಂತ ವರದಿ ಬಂದಿದೆ, ನಮ್ಮ ಅಜ್ಜಿಯ ಅಜ್ಜಿ ಎಲ್ಲಿಯವರು?

ಪ್ರಶ್ನೆ: ನಮ್ಮದು ಮುಳಬಾಗಿಲು ಕಡೆ. ಮನೆಯಲ್ಲಿ ತೆಲುಗು, ಹೊರಗೆ ಕನ್ನಡ. ಕುತೂಹಲಕ್ಕೆ ತಾಯಿಯ ಕಡೆಯ ಡಿಎನ್‌ಎ ಪರೀಕ್ಷೆ ಮಾಡಿಸಿದೆ. ‘ಬಹಳ ಅಪರೂಪದ ಗುಂಪು, ನಿಮಗೆ ಹೊಂದುವವರು ಯಾರೂ ಸಿಕ್ಕಿಲ್ಲ’ ಎಂದು ಬಂದಿದೆ. ಹಾಗಾದರೆ ನಮ್ಮ ಅಜ್ಜಿಯ ಅಜ್ಜಿ ಬೇರೆ ಎಲ್ಲಿಂದಲೋ ಬಂದವರಾ?

ಉತ್ತರ: ಆ ಒಂದು ಸಾಲು ನೋಡಿ ಹಾಗೆ ಹೇಳೋಕೆ ಬರುವುದಿಲ್ಲ. ‘ಅಪರೂಪ’ ಅಂದರೆ ಪರೀಕ್ಷೆ ಮಾಡಿದವರ ಪಟ್ಟಿಯಲ್ಲಿ ಅಪರೂಪ, ಅಷ್ಟೆ. ಇಂಥ ಪರೀಕ್ಷೆ ಮಾಡಿಸುವವರಲ್ಲಿ ಯುರೋಪ್, ಅಮೆರಿಕದವರೇ ಜಾಸ್ತಿ. ಮುಳಬಾಗಿಲು, ಬಾಗೇಪಲ್ಲಿ, ಪಾವಗಡದ ಮನೆಗಳು ಆ ಪಟ್ಟಿಗೆ ಇನ್ನೂ ಸೇರಿಯೇ ಇಲ್ಲದಿದ್ದರೆ ನಿಮಗೆ ಜೋಡಿ ಎಲ್ಲಿಂದ ಸಿಗಬೇಕು? ನಿಮ್ಮ ಪಕ್ಕದ ಬೀದಿಯಲ್ಲೇ ಅದೇ ತಾಯಿಬಳ್ಳಿಯವರು, ಅಂದರೆ ಅದೇ ಹೆಣ್ಣುಸಾಲಿನವರು, ಹತ್ತು ಮನೆ ಇರಬಹುದು.

ಪರೀಕ್ಷೆಯಲ್ಲಿ ಏನನ್ನು ಓದುತ್ತಾರೆ ಅಂತ ಮೊದಲು ನೋಡೋಣ. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾಗಳಿಗೆ ತಮ್ಮದೇ ಒಂದು ಪುಟ್ಟ ಡಿಎನ್‌ಎ ಇದೆ. ಉಂಗುರದ ಆಕಾರ, 16,569 ಅಕ್ಷರ (ಡಿಎನ್‌ಎಯ ಒಂದೊಂದು ಘಟಕವನ್ನು ಅಕ್ಷರ ಅನ್ನುತ್ತೇನೆ). ಅಪ್ಪನ ವೀರ್ಯಾಣುವಿನಲ್ಲೂ ಮೈಟೊಕಾಂಡ್ರಿಯಾ ಇರುತ್ತವೆ, ಆದರೆ ಅಂಡದ ಒಳಗೆ ಹೋದ ಮೇಲೆ ಅವು ನಾಶವಾಗುತ್ತವೆ. ಹಾಗಾಗಿ ಮಗ, ಮಗಳು ಇಬ್ಬರಿಗೂ ಬರುವುದು ಅಮ್ಮನದೇ. ಮುಂದಕ್ಕೆ ದಾಟಿಸುವುದು ಮಗಳು ಮಾತ್ರ.

ನಮ್ಮ ಕಡೆ ಮನೆ ಹೆಸರು, ಗೋತ್ರ, ಕುಲದೇವರು ಎಲ್ಲ ಅಪ್ಪನ ಕಡೆಯಿಂದ ಬರುತ್ತವೆ. ವಂಶಾವಳಿ ಬರೆದರೂ ಗಂಡಸರ ಹೆಸರೇ ಸಾಲಾಗಿ ಇರುತ್ತದೆ. ಮದುವೆಯಾಗಿ ಬಂದ ಹೆಣ್ಣು ‘ಇಂಥವನ ಹೆಂಡತಿ’ ಆಗಿಬಿಡುತ್ತಾಳೆ, ಅವಳ ತವರು ಎರಡು ತಲೆಮಾರಿಗೆ ಮರೆತುಹೋಗುತ್ತದೆ. ಹಾಗೆ ಅಳಿಸಿಹೋದ ಸಾಲು ಈ ಉಂಗುರದಲ್ಲಿ ಉಳಿದಿದೆ. ನನಗೆ ಈ ವಿಷಯದ ಮೇಲೆ ಇಷ್ಟು ಪ್ರೀತಿ ಇರುವುದು ಅದಕ್ಕೇ.

ಆದರೆ ಇದು ಒಂದೇ ಒಂದು ಎಳೆ. ಹತ್ತು ತಲೆಮಾರು ಹಿಂದಕ್ಕೆ ಹೋದರೆ ನಿಮಗೆ 1,024 ಪೂರ್ವಿಕರ ಜಾಗಗಳಿವೆ. ಈ ಡಿಎನ್‌ಎ ಅವರಲ್ಲಿ ಒಬ್ಬಳೇ ಹೆಂಗಸಿನದು. ಉಳಿದವರ ವಿಷಯದಲ್ಲಿ ಅದು ಬಾಯಿ ಬಿಡುವುದಿಲ್ಲ.

ಇದರ ಗಡಿಯಾರವೂ ತುಂಬ ನಿಧಾನ. ಒಂದು ಅಂದಾಜಿನ ಪ್ರಕಾರ ಇಡೀ ಉಂಗುರದಲ್ಲಿ ಒಂದು ಅಕ್ಷರ ಬದಲಾಗಲು ಸರಾಸರಿ 3,500 ವರ್ಷ ಬೇಕು. ಅಂದರೆ ಇಬ್ಬರ ಉಂಗುರ ಪೂರ್ತಿ ಒಂದೇ ಆಗಿದ್ದರೂ ಅವರಿಬ್ಬರ ಮೂಲ ತಾಯಿ ನೂರು ವರ್ಷದ ಹಿಂದಿನವಳೂ ಆಗಿರಬಹುದು, ಸಾವಿರ ವರ್ಷದ ಹಿಂದಿನವಳೂ ಆಗಿರಬಹುದು. ಭಾರತೀಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ‘ಎಂ’ ಎಂಬ ಒಂದೇ ದೊಡ್ಡ ಬಳ್ಳಿಗೆ ಸೇರಿದವರು. ದಕ್ಷಿಣದಲ್ಲಿ ಕಾಣುವ ‘ಎಂ2’ ಕವಲು ಹತ್ತಾರು ಸಾವಿರ ವರ್ಷ ಹಳೆಯದು. ಆಗ ಕೋಲಾರವೂ ಇರಲಿಲ್ಲ, ಕನ್ನಡ ತೆಲುಗು ಅನ್ನುವ ಭೇದವೂ ಇರಲಿಲ್ಲ, ಜಾತಿಯೂ ಇರಲಿಲ್ಲ. ಗುಂಪಿನ ಹೆಸರು ನೋಡಿ ಜಾತಿ ಹೇಳುತ್ತೇವೆ ಅನ್ನುವವರನ್ನು ದಯವಿಟ್ಟು ನಂಬಬೇಡಿ.

ನಮ್ಮ ಕಡೆಯ ಮದುವೆಗಳ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಹೊರಗಿನವರು ಬರೆದ ವಿವರಣೆಗಳಲ್ಲಿ ಇದು ಸಿಗುವುದು ಕಡಿಮೆ. ಅಕ್ಕನ ಮಗಳನ್ನು ಮದುವೆಯಾಗುವುದು ನಮ್ಮಲ್ಲಿ ಇತ್ತು, ಈಗಲೂ ಅಲ್ಲಲ್ಲಿ ಇದೆ. ಅಲ್ಲಿ ಏನಾಗುತ್ತದೆ ನೋಡಿ. ಅಕ್ಕನಿಗೂ ತಮ್ಮನಿಗೂ ಒಂದೇ ತಾಯಿಯ ಡಿಎನ್‌ಎ. ಅಕ್ಕನಿಂದ ಅದು ಮಗಳಿಗೆ ಬಂತು, ಆ ಮಗಳಿಂದ ಅವಳ ಮಕ್ಕಳಿಗೆ. ಆದ್ದರಿಂದ ಆ ಮಕ್ಕಳ ಮೈಟೊಕಾಂಡ್ರಿಯಾ ಅಪ್ಪನದಕ್ಕೆ ಸರಿಹೊಂದುತ್ತದೆ! ಅದು ಅಪ್ಪನಿಂದ ಬಂದದ್ದಲ್ಲ. ಅಪ್ಪನ ತಾಯಿಯೇ ಅಮ್ಮನಿಗೆ ಅಜ್ಜಿ, ಅಷ್ಟೆ. ಸೋದರತ್ತೆಯ ಮಗಳನ್ನು ತಂದರೆ ಮಕ್ಕಳಿಗೆ ಬರುವುದು ಅವರ ಅಪ್ಪನ ಅಪ್ಪನಲ್ಲಿ ಇದ್ದ ಬಳ್ಳಿ, ಅಂದರೆ ಮುತ್ತಜ್ಜಿಯದು. ಒಂದು ತಲೆಮಾರು ಹೊರಗಿದ್ದು ವಾಪಸ್ ಅದೇ ಮನೆಗೆ ಬಂದ ಹಾಗೆ. ಸೋದರಮಾವನ ಮಗಳಾದರೆ ಹೀಗಾಗುವುದಿಲ್ಲ, ಅವಳು ತರುವುದು ಅವಳ ಅಮ್ಮನ ಬಳ್ಳಿ. ಹಾಗಾಗಿ ವರದಿ ಬಿಚ್ಚುವ ಮೊದಲು ಮನೆಯಲ್ಲಿ ಯಾರು ಯಾರಿಗೆ ಏನಾಗಬೇಕು ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ.

ಹಾಗಂತ ಅಪರೂಪದ ಬಳ್ಳಿಗೆ ಬೆಲೆ ಇಲ್ಲವೇ? ಖಂಡಿತ ಇದೆ. ಇಂಗ್ಲೆಂಡಿನ ದೊರೆ ಮೂರನೆಯ ರಿಚರ್ಡ್ 1485ರಲ್ಲಿ ಯುದ್ಧದಲ್ಲಿ ಸತ್ತ. 2012ರಲ್ಲಿ ಲೆಸ್ಟರ್ ನಗರದ ಒಂದು ಕಾರ್ ಪಾರ್ಕಿಂಗ್ ಜಾಗದ ಅಡಿಯಲ್ಲಿ ಅಸ್ಥಿಪಂಜರ ಸಿಕ್ಕಿತು. ರಿಚರ್ಡನ ಅಕ್ಕನಿಂದ ಹೆಣ್ಣುಮಕ್ಕಳ ಸಾಲಿನಲ್ಲೇ ಇಳಿದುಬಂದ ಇಬ್ಬರನ್ನು ಹಳೆಯ ದಾಖಲೆಗಳಿಂದ ಹುಡುಕಿದರು. ಒಬ್ಬರ ಉಂಗುರ ಅಸ್ಥಿಯದಕ್ಕೆ ಪೂರ್ತಿ ಹೊಂದಿತು, ಇನ್ನೊಬ್ಬರದರಲ್ಲಿ ಒಂದೇ ಅಕ್ಷರದ ವ್ಯತ್ಯಾಸ. ಆ ಬಳ್ಳಿ ಯುರೋಪಿನ 26 ಸಾವಿರಕ್ಕೂ ಹೆಚ್ಚು ಮಾದರಿಗಳ ಪಟ್ಟಿಯಲ್ಲಿ ಒಬ್ಬರಲ್ಲೂ ಇರಲಿಲ್ಲ. ಸಾಮಾನ್ಯ ಬಳ್ಳಿಯಾಗಿದ್ದರೆ ‘ಸುಮ್ನೆ ಕಾಕತಾಳೀಯ’ ಅನ್ನಬಹುದಿತ್ತು. ಅಪರೂಪದ್ದಾದ್ದರಿಂದ ಸಾಕ್ಷಿ ಗಟ್ಟಿಯಾಯಿತು. ಆದರೆ ಗಮನಿಸಿ, ಯಾರ ಜೊತೆ ಹೋಲಿಸಬೇಕು ಅಂತ ಹೇಳಿದ್ದು ಡಿಎನ್‌ಎ ಅಲ್ಲ, ಕಾಗದ.

ನಿಮಗೆ ಆ ಕಾಗದದ ಜಾಗದಲ್ಲಿ ಇರುವುದು ಮನೆಯ ಹಿರಿಯ ಹೆಂಗಸರ ನೆನಪು. ಅಮ್ಮನ ತವರು ಯಾವ ಊರು, ಅವರ ಅಮ್ಮನದು ಯಾವುದು, ಅವರ ಅಮ್ಮನದು? ಬರೀ ಇಷ್ಟನ್ನೇ ಕೇಳುತ್ತಾ ಹೋಗಿ. ಬಾಣಂತನ ಎಲ್ಲಿ ಆಯಿತು, ಯಾವ ಊರಿನ ಜಾತ್ರೆಗೆ ಹೋಗುತ್ತಿದ್ದರು ಎಂದು ಕೇಳಿದರೆ ಇನ್ನೂ ಬೇಗ ನೆನಪಾಗುತ್ತದೆ. ಜಮೀನಿನ ಹಳೆಯ ಪತ್ರ ಹುಡುಕುವಾಗ ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ ಎಂಬುದು ನೆನಪಿರಲಿ. ಅದಕ್ಕೂ ಹಿಂದಿನದೆಲ್ಲ ಕೋಲಾರ ಜಿಲ್ಲೆಯ ಹೆಸರಲ್ಲೇ ಇರುತ್ತದೆ.

ಆಮೇಲೆ ವರದಿ ತೆಗೆದು ನೋಡಿ. ಉಂಗುರದ ಒಂದು ತುಣುಕು ಮಾತ್ರ ಓದಿದ್ದಾರಾ, 16,569 ಅಕ್ಷರವೂ ಓದಿದ್ದಾರಾ? ತುಣುಕು ಮಾತ್ರ ಆಗಿದ್ದರೆ ಅದರ ಮೇಲೆ ಜಾಸ್ತಿ ಭಾರ ಹಾಕಬೇಡಿ. ಪೂರ್ತಿ ಓದಿದ್ದರೆ, ಅಜ್ಜಿಯ ತವರಿನ ಕಡೆ ಅದೇ ಹೆಣ್ಣುಸಾಲಿನವರು ಇದ್ದಾರೆ ಅಂತ ನಿಮಗೆ ಅನುಮಾನವಿರುವ ಮನೆಯಿಂದ ಒಬ್ಬರು ಒಪ್ಪಿದರೆ ಪರೀಕ್ಷೆ ಮಾಡಿಸಿ. ಹೊಂದಿದರೆ, ನಿಮ್ಮದು ಅಪರೂಪದ ಬಳ್ಳಿಯಾಗಿರುವುದೇ ಆಗ ನಿಮಗೆ ಲಾಭ. ಒಂದಕ್ಕಿಂತ ಹೆಚ್ಚು ಅಕ್ಷರ ಬೇರೆ ಬಂದರೆ ಆ ಅನುಮಾನ ಬಹುತೇಕ ತಪ್ಪು ಅಂತ ತಿಳಿಯಿರಿ.

ಅಪ್ಪನ ಕಡೆಯ ಅಜ್ಜಿಗೆ ಹೆಣ್ಣುಮಕ್ಕಳೇ ಇಲ್ಲದಿದ್ದರೆ ಅವರ ಬಳ್ಳಿ ಗಂಡುಮಕ್ಕಳಲ್ಲೇ ನಿಂತುಹೋಗುತ್ತದೆ. ವಯಸ್ಸಾದ ದೊಡ್ಡಪ್ಪನೋ ಚಿಕ್ಕಪ್ಪನೋ ಅದನ್ನು ಹೊತ್ತಿರುವ ಕೊನೆಯವರಾಗಿರಬಹುದು. ಅಂಥವರಿದ್ದರೆ ಮೊದಲು ಅವರನ್ನು ಕೇಳಿ.

ನಾನು ನನ್ನ ಅಮ್ಮನ ಸಾಲನ್ನು ಹೀಗೇ ಬರೆದುಕೊಂಡಿದ್ದೇನೆ. ಚಿಂತಾಮಣಿ, ಅದರ ಮೇಲೆ ಶ್ರೀನಿವಾಸಪುರ, ಅದರ ಮೇಲೆ ಮದನಪಲ್ಲಿ. ಅದರ ಮೇಲಿನ ಗೆರೆ ಇನ್ನೂ ಖಾಲಿ ಇದೆ. ‘ಅಲ್ಲಿಂದಾಚೆ ನಮ್ಮಮ್ಮನಿಗೆ ಗೊತ್ತಿತ್ತು ಕಣೋ’ ಅಂದರು ದೊಡ್ಡಮ್ಮ.