ಹೊರಗೆ ಸಣ್ಣ ತೂತು, ಒಳಗೆ ದೊಡ್ಡ ಗಾಯ

ದೀಪಾವಳಿ ಬಂತೆಂದರೆ ಹಾವೇರಿ, ಶಿವಮೊಗ್ಗ ಕಡೆ ಹೋರಿ ಹಬ್ಬದ ಗದ್ದಲ. ಬೆಂಗಳೂರಿನಲ್ಲಿ ದುಡಿಯುವ ಆ ಕಡೆಯ ಹುಡುಗರೂ ರಜೆ ಹಾಕಿ ಊರಿಗೆ ಓಡುತ್ತಾರೆ. ಓಡಿಬರುವ ಹೋರಿಯ ಕೊಬ್ಬರಿ ಹಾರ ಕಿತ್ತುಕೊಳ್ಳಲು ಹೋಗಿ ಕೆಲವರು ಕೊಂಬಿಗೆ ಸಿಗುತ್ತಾರೆ. ಹಬ್ಬವೇ ಆಗಬೇಕೆಂದಿಲ್ಲ, ಕೊಟ್ಟಿಗೆಯಲ್ಲಿ ಮೇವು ಹಾಕಲು ಬಗ್ಗಿದವರನ್ನೂ ಎತ್ತು ಹಾಯುತ್ತದೆ.

ಹೋರಿ ಸುಮ್ನೆ ತಿವಿದು ಬಿಡುವುದಿಲ್ಲ. ತಿವಿದು, ಎತ್ತಿ, ತಲೆ ಒದರುತ್ತದೆ. ಒಳಗೆ ಕೊಂಬು ಎರಡು ಮೂರು ದಿಕ್ಕಿಗೆ ನುಗ್ಗಿರುತ್ತದೆ. ಮೇಲೆ ಕಾಣುವುದು ಎರಡು ಬೆರಳಗಲದ ತೂತು. ಒಳಗೆ ಸ್ನಾಯು, ಕರುಳು, ರಕ್ತನಾಳ ಹರಿದಿರಬಹುದು. ಜೊತೆಗೆ ಮಣ್ಣು, ಸಗಣಿ, ಬಟ್ಟೆ ಚೂರು. ತೂತು ಕಂಡ ಕೂಡಲೇ ಹೊಲಿಗೆ ಹಾಕಿದರೆ ಕಳ್ಳನನ್ನು ಒಳಗಿಟ್ಟು ಬಾಗಿಲು ಹಾಕಿದ ಹಾಗೆ. ಅರಿವಳಿಕೆ ಕೊಟ್ಟು, ಸರ್ಜನ್ ಬೆರಳು ಹಾಕಿ ಒಂದೊಂದೇ ದಾರಿ ಹುಡುಕಬೇಕು. ಸತ್ತ ಮಾಂಸ ಕತ್ತರಿಸಿ, ಸಲೈನ್‌ನಲ್ಲಿ ಚೆನ್ನಾಗಿ ತೊಳೆಯಬೇಕು. ಕೊಳೆ ಜಾಸ್ತಿ ಇದ್ದರೆ ಗಾಯ ತೆರೆದೇ ಬಿಟ್ಟು, ಕೆಲವು ದಿನ ಕಳೆದು ಹೊಲಿಯಬೇಕು. ಮೊದಲ ಮಹಾಯುದ್ಧದ ಕೆಸರಿನಲ್ಲಿ ಸೈನಿಕರ ಗಾಯ ನೋಡಿದ ವೈದ್ಯರು ಕಲಿತ ಪಾಠ ಇದು.

ಗೂಳಿ ಕಾಳಗದ ಸ್ಪೇನ್‌ನಲ್ಲಿ ಗಾಯಕ್ಕೆ ತಗುಲಿದ ನಂಜೇ ಎಷ್ಟೋ ಜನರ ಜೀವ ತೆಗೆಯುತ್ತಿತ್ತು. ಅದಕ್ಕೇ ಮ್ಯಾಡ್ರಿಡ್‌ನ ಲಾಸ್ ವೆಂಟಾಸ್ ಅಖಾಡದ ಹೊರಗೆ, ನಂಜು ತಡೆಯುವ ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಪ್ರತಿಮೆ ನಿಂತಿದೆ. ಆದರೆ ಔಷಧಿಯೊಂದೇ ಸಾಲಲಿಲ್ಲ. 1984ರಲ್ಲಿ ಪೊಸೊಬ್ಲಾಂಕೊ ಎಂಬ ಸಣ್ಣ ಊರಿನಲ್ಲಿ ತೊಡೆಗೆ ತಿವಿಸಿಕೊಂಡ ಹೆಸರಾಂತ ಕಾಳಗಗಾರ ಪಕಿರ್ರಿ, ಕೊರ್ಡೊಬಾದ ಆಸ್ಪತ್ರೆಗೆ ಸಾಗಿಸುವಾಗ ತೀರಿಕೊಂಡರು. ಅಖಾಡಗಳ ವೈದ್ಯಕೀಯ ಸೌಲಭ್ಯದ ಬಗ್ಗೆ ದೇಶವೇ ಮಾತಾಡಿತು. 1997ರಲ್ಲಿ ಅದಕ್ಕೆಂದೇ ನಿಯಮ ಬಂತು.

ನಮ್ಮಲ್ಲಿ ಚರ್ಚೆ ಬೇರೆ ಕಡೆ ಹೋಯಿತು. 2014ರಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟು, ಎತ್ತಿನಗಾಡಿ ಓಟ ನಿಲ್ಲಿಸಿತು. 2017ರಲ್ಲಿ ಕರ್ನಾಟಕ ಕಾನೂನು ತಿದ್ದಿ ಕಂಬಳ, ಎತ್ತಿನ ಓಟಕ್ಕೆ ದಾರಿ ಮಾಡಿತು. 2023ರ ಮೇನಲ್ಲಿ ಕೋರ್ಟ್ ಅದನ್ನು ಒಪ್ಪಿತು. ಪ್ರಾಣಿ ಹಿಂಸೆಯ ಮಾತು ಬೇಕೇ ಬೇಕಿತ್ತು. ಆದರೆ ಹೊಟ್ಟೆ ಹರಿದು ಬಿದ್ದ ಮನುಷ್ಯನ ಮಾತೂ ಬೇಕಲ್ವಾ?

ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ 1900ರಿಂದ ಇದೆ. ಹಾವೇರಿ ಜಿಲ್ಲೆಯ ಹಾನಗಲ್‌ನಿಂದ ಇಲ್ಲಿಗೆ ಬರಲು ರಾತ್ರಿಯಿಡೀ ಬೇಕು. 2008ರಿಂದ 108 ಆಂಬುಲೆನ್ಸ್ ಓಡುತ್ತಿದೆ, ನಿಜ. ಅದು ಬರುವವರೆಗೆ, ಹೊರಗೆ ಬಂದ ಕರುಳನ್ನು ಒಳಗೆ ತಳ್ಳದೆ ಒದ್ದೆ ಶುಭ್ರ ಬಟ್ಟೆ ಮುಚ್ಚಬೇಕು, ರಕ್ತ ಬರುವ ಕಡೆ ಒತ್ತಿ ಹಿಡಿಯಬೇಕು, ಅರಿಶಿನ, ಕಾಫಿಪುಡಿ ತುಂಬಬಾರದು. ಧನುರ್ವಾಯುವಿಗೆ ಇಂಜೆಕ್ಷನ್ ಬೇಕು. ಇಷ್ಟಾದರೂ ತಾಲ್ಲೂಕು ಆಸ್ಪತ್ರೆಯಲ್ಲಿ ಸರ್ಜನ್, ಅರಿವಳಿಕೆ ವೈದ್ಯರು, ರಕ್ತ ಮೂರೂ ಒಟ್ಟಿಗೆ ಸಿಗಬೇಕು. ಹೋರಿ ಹಬ್ಬಕ್ಕೆ ಅನುಮತಿ ಕೊಡುವ ಮುನ್ನ, ಆ ದಿನ ಈ ಮೂರೂ ಎಲ್ಲಿ ಸಿಗುತ್ತವೆ ಎಂದು ಅಧಿಕಾರಿಗಳು ಬರೆಸಿಕೊಳ್ಳಲಿ.