ಉಸಿರು ಸಾಲ್ತಿಲ್ಲ ಅಂತ ಮೆದುಳಿಗೆ ಹೇಳೋದು ಯಾರು?

ಉಸಿರಾಡೋಕೆ ಕಷ್ಟ ಅಂದ ತಕ್ಷಣ ಎಲ್ಲರ ಗಮನ ಶ್ವಾಸಕೋಶದ ಮೇಲೇ, ಎಕ್ಸ್‌ರೇ ತೆಗೀರಿ, ಬೆರಳಿಗೆ ಆಕ್ಸಿಮೀಟರ್ ಹಾಕಿ, ರಕ್ತದ ಆಮ್ಲಜನಕ 98% ಇದ್ಯಲ್ಲ, ಏನೂ ಆಗಿಲ್ಲ ಹೋಗಿ. ಆದ್ರೆ ಗಾಳಿ ಒಳಗೆ ಎಳ್ಕೊಳ್ಳೋ ದುಡಿಮೆ ಎದೆ-ಹೊಟ್ಟೆ ನಡುವಿನ ಸ್ನಾಯುಪರದೆ ವಪೆದು (ಡಯಾಫ್ರಮ್), ಪಕ್ಕೆಲುಬಿನ ಮಧ್ಯದ ಸ್ನಾಯುಗಳದು. ಅವುಗಳ ಮಾತಿಗೆ ಕಿವಿಗೊಡೋಕೆ ವಿಜ್ಞಾನಕ್ಕೆ ನೂರು ವರ್ಷ ಹಿಡೀತು.

1868ರಲ್ಲಿ ಹೆರಿಂಗ್ ಮತ್ತೆ ಬ್ರಾಯರ್ ಅನ್ನೋರು, ಶ್ವಾಸಕೋಶ ಉಬ್ಬಿದ್ರೆ ಅಲ್ಲಿಂದ ಮೆದುಳಿಗೆ ಹೋಗೋ ವೇಗಸ್ ನರದಲ್ಲಿ ಸಂಕೇತ ಹೋಗಿ ಉಸಿರೆಳೆಯೋದು ನಿಲ್ಲತ್ತೆ ಅಂತ ತೋರಿಸಿದ್ರು, ಆಮೇಲೆ ಬಹಳ ಕಾಲ ವೇಗಸ್‌ದೇ ದರ್ಬಾರು. ನಮ್ಮ ದೆಹಲಿಯ ಶರೀರಶಾಸ್ತ್ರಜ್ಞ ಪೈಂಟಲ್ ಅವರ ಹೆಸರಾಂತ ಜೆ ಗ್ರಾಹಕಗಳೂ (ಶ್ವಾಸಕೋಶದೊಳಗಿನ ಸಂವೇದನಾ ತುದಿಗಳು) ಅದೇ ನರದವು. ಸ್ನಾಯುವಿಗೆ ಹೋಗೋ ನರದಲ್ಲಿ ಸಂವೇದನಾ ಎಳೆಗಳ ಪಾಲೂ ದೊಡ್ಡದು ಅಂತ ನರವಿಜ್ಞಾನಿ ಶೆರಿಂಗ್ಟನ್ 1894ರಲ್ಲೇ ಹೇಳಿದ್ರು, ಯಾಕೋ ಅದು ಉಸಿರಿನ ಚರ್ಚೆಗೆ ಬರಲೇ ಇಲ್ಲ.

ಕಥೆ ಬಿಸಿಯಾಗೋದು 1963ರಲ್ಲಿ. ಕ್ಯಾಂಪ್‌ಬೆಲ್ ಮತ್ತೆ ಹೋವೆಲ್ ಹೇಳಿದ್ದಿಷ್ಟು: ಸ್ನಾಯು ಹಾಕಿದ ಬಲಕ್ಕೆ ತಕ್ಕಷ್ಟು ಅದು ಕುಗ್ಗದಿದ್ರೆ, ಬಾವಿಯಲ್ಲಿ ಹಗ್ಗ ಜಗ್ಗಿದ್ರೂ ಕೊಡ ಏಳದಿದ್ದ ಹಾಗೆ, ಆ ತಾಳೆಯಾಗದ ಲೆಕ್ಕವೇ ಸಂಕಟ. ಅದನ್ನ ಪರೀಕ್ಷಿಸೋಕೆ ಎಚ್ಚರ ಇರೋ ಸ್ವಯಂಸೇವಕರಿಗೇ ಸ್ನಾಯು ಅಲುಗದಂತೆ ಮಾಡೋ ಕ್ಯುರಾರೆ ಜಾತಿಯ ಔಷಧಿ ಕೊಟ್ಟು ಸ್ನಾಯುಗಳನ್ನ ಪೂರ್ತಿ ಸ್ತಬ್ಧ ಮಾಡಿದ್ರು (ಇವತ್ತು ಎಥಿಕ್ಸ್ ಕಮಿಟಿ ಮುಂದೆ ಇಟ್ಟು ನೋಡಿ!), ಉಸಿರು ತುಂಬಾ ಹೊತ್ತು ನಿಲ್ಸಿದ್ರೂ ಅವರಿಗೆ ಸಂಕಟ ಆಗ್ಲಿಲ್ಲ. ಸ್ನಾಯುವಿನದೇ ಗೆಲುವು ಅಂದ್ಕೊಂಡ್ರು. ಆದ್ರೆ 1990ರಲ್ಲಿ ಬ್ಯಾಂಜೆಟ್ ತಂಡ ಹಾಗೇ ಸ್ತಬ್ಧ ಮಾಡಿ ಕಾರ್ಬನ್ ಡೈಆಕ್ಸೈಡ್ ಏರಿಸಿದ್ರೆ ಗಾಳಿಯ ಹಸಿವು ಚೂರೂ ಕಮ್ಮಿ ಆಗ್ಲಿಲ್ಲ. ನನಗನ್ಸೋದು, ಎರಡು ಕಡೆಯೋರೂ ಬೇರೆ ಬೇರೆ ಸಂಕಟ ಅಳೀತಾ ಒಂದೇ ಅಂದ್ಕೊಂಡು ಕಿತ್ತಾಡಿದ್ರು: ಗಾಳಿಯ ಹಸಿವು ಒಂದು, ಎಳೆದೂ ಎಳೆದೂ ಆಗೋ ಶ್ರಮ ಇನ್ನೊಂದು.

ಇದರ ನಡುವೆ ಫ್ಲಾರಿಡಾದಲ್ಲಿ ಡೇವನ್‌ಪೋರ್ಟ್ 1985ರಲ್ಲಿ ವಪೆಗೆ ಹೋಗೋ ಫ್ರೆನಿಕ್ ನರದ ಸಂಕೇತ ಬೆಕ್ಕಿನ ಮೆದುಳಿನ ಹೊರಪದರದ ತನಕ ಹೋಗೋದನ್ನ ಹಿಡಿದ್ರು, ಮರುವರ್ಷ ಮನುಷ್ಯರಲ್ಲಿ ಉಸಿರೆಳೆಯುವಾಗ ಗಾಳಿ ದಾರಿ ಕ್ಷಣ ಮುಚ್ಚಿದ್ರೆ ಇಇಜಿಯಲ್ಲಿ (ಮೆದುಳಿನ ವಿದ್ಯುತ್ ದಾಖಲೆ) ಅಲೆ ಏಳೋದು ಕಾಣಿಸ್ತು. ಎರಡೂ ಶ್ವಾಸಕೋಶ ಕಸಿ ಮಾಡಿಸ್ಕೊಂಡವರಲ್ಲೂ ಈ ಅಲೆ ಬರತ್ತೆ, ಅಂದ್ರೆ ಶ್ವಾಸಕೋಶದ ನರ ಕತ್ತರಿಸಿ ಹೋಗಿದ್ರೂ ಸುದ್ದಿ ತಲುಪ್ತಿದೆ. 2000ದಲ್ಲಿ ಇದೇ ತಂಡ ನೋಡಿದಾಗ, ಪ್ರಾಣಕ್ಕೇ ಕುತ್ತು ತಂದಂಥ ಆಸ್ತಮಾ ದಾಟಿ ಬಂದ ಹಲವು ಮಕ್ಕಳಲ್ಲಿ ಸುದ್ದಿ ಹೊರಪದರ ತಲುಪಿದ ಗುರುತಾದ ಮೊದಲ ಅಲೆಯೇ ಇರಲಿಲ್ಲ. ಶ್ವಾಸನಾಳ ಬಿಗೀತಿದ್ರೂ ಅಂಥ ಮಗುವಿಗೆ ಅದರ ಅರಿವು ತಡವಾಗಬಹುದು.

ಈ ಅಲೆ ಅಳೆಯೋದು ಇವತ್ತಿಗೂ ಹೆಚ್ಚಾಗಿ ಸಂಶೋಧನಾ ಲ್ಯಾಬಲ್ಲೇ. ಎಷ್ಟು ಕಷ್ಟ ಆಗ್ತಿದೆ ಅಂತ ಸೊನ್ನೆಯಿಂದ ಹತ್ತರೊಳಗೆ ರೋಗಿಯ ಬಾಯಲ್ಲೇ ಹೇಳಿಸೋ ಬೋರ್ಗ್ ಸ್ಕೇಲ್‌ಗೆ ಒಂದು ಚೀಟಿ ಸಾಕು, ಅದನ್ನಾದ್ರೂ ಆಕ್ಸಿಮೀಟರ್ ಜೊತೆಗೆ ಇಟ್ಕೋಬಹುದಲ್ವಾ.