ಎಂಬಸಿ ಮುಂದೆ ನಿಂತವನನ್ನು ನಂಬುವುದು ಹೇಗೆ?

ಒಬ್ಬ ಇರಾನಿ ಯುವಕ ಲಂಡನ್ನಿನಲ್ಲಿದ್ದಾನೆ ಅಂದುಕೊಳ್ಳಿ. ಊರಲ್ಲಿದ್ದಾಗ ರಾಜಕೀಯದ ಗೊಡವೆಗೆ ಹೋದವನಲ್ಲ. ಆಶ್ರಯದ ಅರ್ಜಿ ಒಮ್ಮೆ ತಿರಸ್ಕಾರವಾದ ಮೇಲೆ ಇರಾನ್ ಎಂಬಸಿ ಮುಂದೆ ಪ್ರತಿಭಟನೆಗೆ ಹೋಗತೊಡಗಿದ. ಫೋಟೋಗಳನ್ನು ಫೇಸ್‌ಬುಕ್‌ಗೆ ಹಾಕಿದ. ಈಗ, ವಾಪಸ್ ಕಳಿಸಿದರೆ ಹಿಡಿಯುತ್ತಾರೆ ಅನ್ನುತ್ತಾನೆ.

"ಇದು ನಾಟಕ" ಅನ್ನಿಸಿದ ಕೂಡಲೇ ಉತ್ತರ ಸಿಕ್ಕಿತು ಅಂದುಕೊಳ್ಳುತ್ತೇವೆ. ನಾನೂ ಮೊದಲು ಹಾಗೇ ಓದಿದ್ದೆ. ಆದರೆ ಇಲ್ಲಿ ಎರಡು ಪ್ರಶ್ನೆಗಳಿವೆ. ಅವನ ನಂಬಿಕೆ ನಿಜವೇ? ವಾಪಸ್ ಹೋದರೆ ಅಪಾಯವಿದೆಯೇ? ಹಿಡಿಯುವವರು ಮನಸ್ಸು ನೋಡಿ ಹಿಡಿಯೋದಿಲ್ಲ, ಫೋಟೋ ನೋಡಿ ಹಿಡಿಯುತ್ತಾರೆ ಅಲ್ವಾ?

1999ರ ಡೇನಿಯನ್ ಪ್ರಕರಣದಲ್ಲಿ ಇಂಗ್ಲೆಂಡಿನ ಮೇಲ್ಮನವಿ ಕೋರ್ಟ್ ಇದನ್ನೇ ಹೇಳಿತು. ಕೆಟ್ಟ ಉದ್ದೇಶದಿಂದ ಚಟುವಟಿಕೆ ಮಾಡಿದ ಅನ್ನೋ ಒಂದೇ ಕಾರಣಕ್ಕೆ 1951ರ ನಿರಾಶ್ರಿತರ ಒಪ್ಪಂದದ ರಕ್ಷಣೆ ತಪ್ಪೋದಿಲ್ಲ. ಹಾಗಂತ ಕಣ್ಣು ಮುಚ್ಚಿ ನಂಬಿ ಅಂತಲೂ ಹೇಳಲಿಲ್ಲ.

ಇರಾನಿನವರ ಮಟ್ಟಿಗೆ 2011ರ ಬಿಎ ತೀರ್ಪು ಮುಖ್ಯ (ಅರ್ಜಿದಾರರ ಹೆಸರು ಮರೆಮಾಡಲು ಇಂಥ ಅಕ್ಷರಗಳನ್ನು ಬಳಸುತ್ತಾರೆ). ಪ್ರತಿಭಟನೆ ಅನುಕೂಲಕ್ಕಾಗಿ ಮಾಡಿದ್ದೇ ಇರಬಹುದು, ಆದರೆ ಇರಾನಿನ ಆಡಳಿತ ಅವನನ್ನು ನೋಡುವ ರೀತಿಯನ್ನು ಆ ಉದ್ದೇಶ ಹೆಚ್ಚೇನೂ ಬದಲಿಸದು ಅಂತ ಆಶ್ರಯದ ಮೇಲ್ಮನವಿಗಳನ್ನು ಕೇಳುವ ಅಪ್ಪರ್ ಟ್ರಿಬ್ಯೂನಲ್ ಹೇಳಿತು. ಹಾಗಾದರೆ ನೋಡಬೇಕಾದ್ದೇನು? ಗುಂಪಿನಲ್ಲಿ ಸುಮ್ನೆ ನಿಂತಿದ್ದನೇ, ಮುಂದೆ ನಿಂತು ಘೋಷಣೆ ಕೂಗಿಸಿದನೇ? ಒಂದು ಸಲವೇ, ಪದೇಪದೇ ಹೋದನೇ? ಮಾಧ್ಯಮಗಳಲ್ಲಿ ಮುಖ ಕಾಣಿಸಿತೇ? ಊರಲ್ಲಿ ಮೊದಲೇ ಪೊಲೀಸರ ಕಣ್ಣಿಗೆ ಬಿದ್ದಿದ್ದನೇ? ಪ್ರತಿಭಟನೆಗೆ ಹೋದ ಎಲ್ಲರನ್ನೂ ಇರಾನ್ ಗುರುತಿಸಲಾರದು. ಅದಕ್ಕೇ ಈ ವಿವರಗಳು ಬೇಕು.

ಫೇಸ್‌ಬುಕ್ ವಿಷಯ ಅದೇ ಟ್ರಿಬ್ಯೂನಲ್‌ನ 2022ರ ಎಕ್ಸ್‌ಎಕ್ಸ್ ತೀರ್ಪಿನಲ್ಲಿದೆ. ನಾಲ್ಕು ಪೋಸ್ಟ್‌ಗಳ ಪ್ರಿಂಟ್ ತಂದುಕೊಟ್ಟರೆ ಅದಕ್ಕೆ ತೂಕ ತೀರಾ ಕಡಿಮೆ. ಖಾತೆಯ ಪೂರ್ತಿ ಮಾಹಿತಿಯನ್ನು ಸುಲಭವಾಗಿ ಡೌನ್‌ಲೋಡ್ ಮಾಡಬಹುದು. ಎಲ್ಲಿಂದ ಲಾಗಿನ್ ಆದ, ಯಾವಾಗ ಏನು ಹಾಕಿದ, ಎಲ್ಲ ಅದರಲ್ಲಿರುತ್ತದೆ. ಅದನ್ನು ಯಾಕೆ ತರಲಿಲ್ಲ ಅನ್ನೋ ಪ್ರಶ್ನೆ ಬಂದೇ ಬರುತ್ತದೆ. ಅರ್ಜಿದಾರರಿಗೆ ಸಹಾಯ ಮಾಡುವವರು ಇದನ್ನು ಮೊದಲ ದಿನವೇ ಹೇಳಬೇಕು. ಎಷ್ಟೋ ಜನರಿಗೆ ಇದು ಗೊತ್ತೇ ಇರೋದಿಲ್ಲ.

ಅದೇ ತೀರ್ಪು ಇನ್ನೊಂದು ಮಾತು ಹೇಳುತ್ತದೆ. ಖಾತೆಯ ಮೇಲೆ ಇರಾನ್ ಮೊದಲೇ ಕಣ್ಣಿಟ್ಟಿರದಿದ್ದರೆ, ಸಕಾಲದಲ್ಲಿ ಅದನ್ನು ಮುಚ್ಚಿದರೆ ಆ ಅಪಾಯ ಹೋಗುತ್ತದೆ. ಖಾತೆ ಮುಚ್ಚು ಅನ್ನೋದು ಆಶ್ರಯ ಕೊಡಬೇಕಾದಂಥ ಕಿರುಕುಳವೂ ಅಲ್ಲ.

ಹಾಗಾದರೆ ನಂಬಿಕೆ ನಿಜವೋ ಸುಳ್ಳೋ ಅನ್ನೋದು ಬೇಡವೇ ಬೇಡವೇ? ಬೇಕು, ಆದರೆ ಬೇರೆ ಜಾಗದಲ್ಲಿ. ನಿಜವಾಗಿ ನಂಬಿದವನು ಊರಿಗೆ ಹೋದ ಮೇಲೂ ಬಾಯಿ ತೆರೆಯಬಹುದು. ಭಯದಿಂದಲೇ ಬಾಯಿ ಮುಚ್ಚಿಕೊಂಡರೆ? "ಸುಮ್ಮನಿದ್ದರೆ ಏನೂ ಆಗಲ್ಲ" ಅಂತ ಅವನನ್ನು ವಾಪಸ್ ಕಳಿಸುವಂತಿಲ್ಲ. 2010ರ ಎಚ್‌ಜೆ ಪ್ರಕರಣದಲ್ಲಿ ಬ್ರಿಟನ್ ಸುಪ್ರೀಂ ಕೋರ್ಟ್ ಸಲಿಂಗಿಗಳ ವಿಷಯದಲ್ಲಿ ಹೀಗೆ ಹೇಳಿತ್ತು. 2012ರಲ್ಲಿ ಜಿಂಬಾಬ್ವೆಯ ಆರ್‌ಟಿ ಪ್ರಕರಣದಲ್ಲಿ ಅದನ್ನು ರಾಜಕೀಯ ಅಭಿಪ್ರಾಯಕ್ಕೂ ಅನ್ವಯಿಸಿತು. ರಾಜಕೀಯವೇ ಬೇಡ ಅನ್ನುವವನಿಗೂ ಆಡಳಿತ ಪಕ್ಷದ ಬೆಂಬಲಿಗನಂತೆ ನಟಿಸು ಅನ್ನುವಂತಿಲ್ಲ.

ಆ ಯುವಕನಿಗೆ "ನೀನು ಯಾಕೆ ಹೋದೆ?" ಅಂತ ಕೇಳಿ ನಿಲ್ಲಿಸಬೇಡಿ. "ನಾಳೆ ತೆಹ್ರಾನಿನಲ್ಲಿ ಏನು ಮಾಡುತ್ತೀ, ಸುಮ್ಮನಿದ್ದರೆ ಯಾಕೆ ಸುಮ್ಮನಿರುತ್ತೀ?" ಅಂತಲೂ ಕೇಳಿ.